ಪಾಠ ಕಿವಿಗೆ ಬೀಳಬೇಕಾದರೆ: ಕಣ್ಣು ಕಾಣದ ವಿದ್ಯಾರ್ಥಿಗೆ ಫೋನು, ಕಂಪ್ಯೂಟರು ಸಜ್ಜುಮಾಡುವ ಬಗೆ

ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು. "ನಮ್ಮ ಕ್ಲಾಸಿಗೆ ಕಣ್ಣು ಕಾಣದ ಹುಡುಗಿ ಸೇರಿದ್ದಾಳೆ ಸರ್, ಅವಳ ಫೋನಿಗೆ ಯಾವ ಆ್ಯಪ್ ಹಾಕಿಕೊಡಲಿ?" ಕೇಳುವವರು ಹಳ್ಳಿ ಶಾಲೆಯ ಮೇಷ್ಟ್ರು, ಮೇಡಂಗಳು, ಕೆಲವೊಮ್ಮೆ ಅಪ್ಪ ಅಮ್ಮ. ಬಿಡಿಬಿಡಿಯಾಗಿ ಹೇಳಿ ಹೇಳಿ ಸಾಕಾಗಿ ಎಲ್ಲವನ್ನೂ ಒಂದೆಡೆ ಬರೆದಿಡುತ್ತಿದ್ದೇನೆ.

ಆ್ಯಪ್ ದೊಡ್ಡ ವಿಷಯವೇ ಅಲ್ಲ. ಬೇಕಾದ್ದು ನಿಮ್ಮ ಫೋನಿನಲ್ಲಿ ಆಗಲೇ ಇದೆ, ಕಾಸು ಕೊಡಬೇಕಾಗಿಲ್ಲ. ತೊಡಕಿರುವುದು ಪಾಠದಲ್ಲಿ. ಕನ್ನಡ ಪಾಠವನ್ನು ಯಂತ್ರ ಓದಬಲ್ಲ ಅಕ್ಷರಕ್ಕೆ ತರದೆ ಎಷ್ಟು ದುಬಾರಿ ಸಾಧನ ಕೊಡಿಸಿದರೂ ಅದು ಬಾಯಿ ಬಿಡುವುದಿಲ್ಲ. ಹಾಗಾಗಿ 4ನೇ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ನೀವೂ ನಿಲ್ಲಿ.

ಕೈಲಿ ಇರಬೇಕಾದವು

ಒಂದು ಸಾಧಾರಣ ಆಂಡ್ರಾಯ್ಡ್ ಫೋನು, ಇಯರ್‌ಫೋನು, ವಾರಕ್ಕೊಮ್ಮೆಯಾದರೂ ಸಿಗುವ ವಿಂಡೋಸ್ ಕಂಪ್ಯೂಟರು, ಒಂದು ಗೂಗಲ್ ಖಾತೆ. ಇವಿಷ್ಟಿದ್ದರೆ ಕೆಲಸ ಶುರು ಮಾಡಬಹುದು.

ಕಾಗದಪತ್ರದ ಕೆಲಸವನ್ನು ಜೊತೆಜೊತೆಗೇ ಮಾಡಿಸಿ. ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರಿಗೆ ಕೇಂದ್ರ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿ, ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಗುವಿಗೆ 18 ವರ್ಷ ತುಂಬುವವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸೂಕ್ತ ಸಾಧನಗಳನ್ನು ಉಚಿತವಾಗಿ ಒದಗಿಸಬೇಕು. ಇದನ್ನು ಕೇಳಬೇಕಾದ ಜಾಗ ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ. ಅಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರನ್ನು ಬಿಐಇಆರ್‌ಟಿ ಎನ್ನುತ್ತಾರೆ. ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಅರ್ಜಿ ಬರೆದು, ಸ್ವೀಕೃತಿ ಪಡೆದು ಬನ್ನಿ.

1. ಮೊದಲು, ಮಗುವಿಗೆ ಎಷ್ಟು ಕಾಣುತ್ತದೆ ಎಂದು ತಿಳಿಯಿರಿ

ಸರ್ಟಿಫಿಕೇಟಿನಲ್ಲಿ ‘ಅಂಧ’ ಎಂದಿದ್ದರೂ ಹಲವು ಮಕ್ಕಳಿಗೆ ಅಷ್ಟಿಷ್ಟು ಕಾಣುತ್ತದೆ. ಕಿಟಕಿ ಪಕ್ಕದ ಬೆಳಕಿನಲ್ಲಿ ಕೂರಿಸಿ, ಬಿಳಿ ಹಾಳೆಯಲ್ಲಿ ಕಪ್ಪು ಮಾರ್ಕರಿನಿಂದ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಅಕ್ಷರ ಬರೆದು ತೋರಿಸಿ. ಓದಿದರೆ ಆ ಮಗುವಿಗೆ ಅಲ್ಪದೃಷ್ಟಿ ಇದೆ ಎಂದಾಯಿತು. ಅಂಥ ಮಗುವಿಗೆ ದನಿಗಿಂತ ಮೊದಲು ದೊಡ್ಡ ಅಕ್ಷರ ಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಅನ್ನುವಲ್ಲಿಗೆ ಹೋಗಿ ಅಕ್ಷರದ ಗಾತ್ರ ಹಿಗ್ಗಿಸಿ, ಮ್ಯಾಗ್ನಿಫಿಕೇಶನ್ ಆನ್ ಮಾಡಿ. ಬಣ್ಣ ತಿರುವುಮುರುವು ಮಾಡಿ, ಕಪ್ಪಿನ ಮೇಲೆ ಬಿಳಿ ಅಕ್ಷರ ಬರುವಂತೆ ಇಟ್ಟು ನೋಡಿ. ಯಾವುದು ಹಿತ ಎಂದು ಮಗುವೇ ಹೇಳಲಿ, ನಿಮ್ಮ ಕಣ್ಣಿಗೆ ಚೆನ್ನಾಗಿ ಕಂಡದ್ದು ಲೆಕ್ಕಕ್ಕಿಲ್ಲ.

ಕಾಣುವ ಮಗುವಿನ ಕಣ್ಣು ಮುಚ್ಚಿಸಿ ಕಿವಿಗೆ ಯಂತ್ರ ಸಿಕ್ಕಿಸಿದ್ದನ್ನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಆ ತಪ್ಪು ಬೇಡ.

2. ಫೋನಿಗೆ ಕನ್ನಡ ದನಿ ಕೂರಿಸಿ

ಫೋನು ಅಕ್ಷರವನ್ನು ಮಾತಾಗಿಸುವುದಕ್ಕೆ ಟೆಕ್ಸ್ಟ್ ಟು ಸ್ಪೀಚ್ ಎನ್ನುತ್ತಾರೆ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಈ ಹೆಸರು ಹಾಕಿದರೆ ನೇರವಾಗಿ ಸಿಗುತ್ತದೆ. ಎಂಜಿನ್ ಎಂಬಲ್ಲಿ ಗೂಗಲ್‌ನದನ್ನು, ಭಾಷೆ ಎಂಬಲ್ಲಿ ಕನ್ನಡವನ್ನು ಆರಿಸಿ, ದನಿಯ ಕಡತವನ್ನು ಇಳಿಸಿಕೊಳ್ಳಿ. ಈ ಕೆಲಸ ಮನೆಯಲ್ಲೋ ಶಾಲೆಯಲ್ಲೋ ವೈಫೈ ಇರುವಾಗಲೇ ಮುಗಿಯಲಿ. ದನಿ ಫೋನಿನೊಳಗೆ ಇಳಿದಿಲ್ಲದಿದ್ದರೆ, ನೆಟ್‌ವರ್ಕ್ ಸಿಗದ ಕಡೆ ಪಾಠದ ನಡುವೆ ಫೋನು ಮೂಗನಾಗುತ್ತದೆ.

ವೇಗವನ್ನು ಮೊದಲ ವಾರ ನಿಧಾನಕ್ಕೆ ಇಡಿ. ತಿಂಗಳು ಕಳೆಯುವಷ್ಟರಲ್ಲಿ ಮಗುವೇ ಅದನ್ನು ಏರಿಸಿಕೊಂಡು, ನಮಗೆ ಗೊಣಗಾಟದಂತೆ ಕೇಳುವ ವೇಗದಲ್ಲಿ ಆರಾಮಾಗಿ ಕೇಳತೊಡಗುತ್ತದೆ. ಗಾಬರಿಯಾಗಿ ಇಳಿಸಲು ಹೋಗಬೇಡಿ.

3. ಟಾಕ್‌ಬ್ಯಾಕ್ ಶುರು ಮಾಡಿ, ಆದರೆ ಆಫ್ ಮಾಡುವುದನ್ನು ಮೊದಲು ಕಲಿಯಿರಿ

ಟಾಕ್‌ಬ್ಯಾಕ್ ಎಂದರೆ ಸ್ಕ್ರೀನ್ ರೀಡರ್, ಅಂದರೆ ತೆರೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಇದು ಮೊದಲೇ ಇರುತ್ತದೆ.

ಆನ್ ಮಾಡಿದ ಕೂಡಲೇ ಫೋನಿನ ನಡವಳಿಕೆ ಬದಲಾಗುತ್ತದೆ. ಒಮ್ಮೆ ಮುಟ್ಟಿದರೆ ಅಲ್ಲೇನಿದೆ ಎಂದು ಹೇಳುತ್ತದೆ ಅಷ್ಟೇ, ತೆರೆಯಬೇಕಾದರೆ ಎರಡು ಬಾರಿ ತಟ್ಟಬೇಕು. ಪುಟ ಸರಿಸಲು ಎರಡು ಬೆರಳು ಬೇಕು. ಇದು ಗೊತ್ತಿಲ್ಲದ ಅಪ್ಪಂದಿರು ‘ಫೋನು ಹಾಳಾಯ್ತು’ ಎಂದು ರಿಪೇರಿ ಅಂಗಡಿಗೆ ಒಯ್ಯುವುದುಂಟು. ಆದ್ದರಿಂದ ಆನ್ ಮಾಡುವ ಮೊದಲೇ ಅದೇ ಪುಟದಲ್ಲಿರುವ ಶಾರ್ಟ್‌ಕಟ್ ಅನ್ನು ಸಕ್ರಿಯಗೊಳಿಸಿ. ದನಿ ಏರಿಸುವ, ಇಳಿಸುವ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಆನ್, ಮತ್ತೆ ಹಿಡಿದರೆ ಆಫ್. ಮನೆಯವರಿಗೆಲ್ಲ ಇದನ್ನು ತೋರಿಸಿಕೊಡಿ.

ಮೊದಲ ದಿನ ಪಾಠದ ಗೊಡವೆ ಬೇಡ. ಬೆರಳನ್ನು ಎಡದಿಂದ ಬಲಕ್ಕೆ ಸರಕ್ಕನೆ ಎಳೆದರೆ ಮುಂದಿನದು, ಬಲದಿಂದ ಎಡಕ್ಕೆ ಎಳೆದರೆ ಹಿಂದಿನದು. ಇಷ್ಟನ್ನೇ ಆಟದಂತೆ ಆಡಿಸಿ. ಅಜ್ಜಿಗೆ ಫೋನು ಹಚ್ಚುವುದು, ಗಂಟೆ ಎಷ್ಟಾಯಿತು ನೋಡುವುದು, ಇಂಥ ಕೆಲಸ ಕೊಡಿ.

ಫೋನು ಅಪ್ಪ ಅಮ್ಮನದಾಗಿದ್ದು ಅದರಲ್ಲಿ ಹಣ ಕಳಿಸುವ ಆ್ಯಪ್ ಇದ್ದರೆ ಎಚ್ಚರ. ಬರುವ ಮೆಸೇಜು, ಒಟಿಪಿಗಳನ್ನೂ ಟಾಕ್‌ಬ್ಯಾಕ್ ಗಟ್ಟಿಯಾಗಿ ಓದುತ್ತದೆ. ಮನೆಯ ಹೊರಗೆ ಇಯರ್‌ಫೋನು ಕಡ್ಡಾಯ.

4. ಪಾಠವನ್ನು ಯುನಿಕೋಡಿಗೆ ತನ್ನಿ

ಯುನಿಕೋಡ್ ಎಂದರೆ ಲೋಕದ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಪ್ರತ್ಯೇಕ ಸಂಖ್ಯೆ ಕೊಟ್ಟಿರುವ ವ್ಯವಸ್ಥೆ. ವಾಟ್ಸ್ಆ್ಯಪ್‌ನಲ್ಲಿ ನೀವು ಟೈಪ್ ಮಾಡುವ ಕನ್ನಡ ಯುನಿಕೋಡ್. ಆದರೆ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ, ಅಚ್ಚಿನ ಮನೆಗಳಲ್ಲಿ ಇಂದಿಗೂ ನುಡಿ, ಬರಹ ಇತ್ಯಾದಿಗಳ ಹಳೆಯ ಫಾಂಟುಗಳು ಓಡುತ್ತಿವೆ. ಆ ಫಾಂಟುಗಳಲ್ಲಿ ಅಕ್ಷರ ಕನ್ನಡದಂತೆ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರವೇ, ಮೇಲೆ ಕನ್ನಡದ ವೇಷ. ಹಳೆಯ ನುಡಿಯಲ್ಲಿ ‘ಕನ್ನಡ’ ಎಂದು ಬರೆದಿದ್ದರೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದು ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಎ. ಕಣ್ಣಿಗೆ ಮೋಸ ಮಾಡಬಹುದು, ಸ್ಕ್ರೀನ್ ರೀಡರಿಗೆ ಆಗುವುದಿಲ್ಲ. ಅದು ಇದ್ದದ್ದನ್ನು ಇದ್ದಂತೆ, ಪಿ, ಎ, ಪೌಂಡ್ ಎಂದು ಓದುತ್ತಾ ಹೋಗುತ್ತದೆ. ಮಗು ಇಯರ್‌ಫೋನು ಕಿತ್ತಿಡುತ್ತದೆ. ನಾವು ‘ಅವನಿಗೆ ಆಸಕ್ತಿ ಇಲ್ಲ’ ಎಂದು ಷರಾ ಬರೆಯುತ್ತೇವೆ.

ಪರೀಕ್ಷೆ ಸುಲಭ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ, ನಿಮಗೆ ನೀವೇ ವಾಟ್ಸ್ಆ್ಯಪ್ ಮಾಡಿಕೊಳ್ಳಿ. ಕನ್ನಡ ಬಂದರೆ ಯುನಿಕೋಡ್. ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು ಬಂದರೆ ಹಳೆಯ ಫಾಂಟು. ಸಾಲನ್ನು ಹಿಡಿಯಲಿಕ್ಕೇ ಆಗದಿದ್ದರೆ ಅದು ಬರೀ ಚಿತ್ರ.

ಕೆಲಸ ಶುರು ಮಾಡುವ ಮುನ್ನ ಬೇರೆ ಯಾರಾದರೂ ಇದನ್ನು ಆಗಲೇ ಮಾಡಿದ್ದಾರೆಯೇ ನೋಡಿ. ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ 2016ರ ಆಗಸ್ಟಿನಿಂದ ಇದೆ. ಅಚ್ಚಿನ ಪುಸ್ತಕ ಓದಲಾಗದವರಿಗೆಂದೇ ಮಾಡಿದ್ದು. ಮಗುವಿನ ಪ್ರಮಾಣಪತ್ರ ಕೊಟ್ಟು ಸದಸ್ಯತ್ವ ಮಾಡಿಸಿ. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಧ್ವನಿಪುಸ್ತಕ, ಬ್ರೈಲ್ ಪುಸ್ತಕಗಳ ಕೆಲಸ ಬಹುಕಾಲದಿಂದ ಮಾಡಿಕೊಂಡು ಬಂದಿವೆ. ಅಲ್ಲಿಯೂ ವಿಚಾರಿಸಿ. ಸಿಗದಿದ್ದರೆ ಮಾತ್ರ ಈ ಮುಂದಿನ ದಾರಿ.

ಹಳೆಯ ಫಾಂಟಿನ ವರ್ಡ್ ಕಡತ ಕೈಯಲ್ಲಿದ್ದರೆ ಪರಿವರ್ತಕ ಬಳಸಿ. ಹಳೆಯ ಸಂಕೇತವನ್ನು ಯುನಿಕೋಡಿಗೆ ಬದಲಿಸುವ ಉಚಿತ ಸಾಧನಗಳು ಅಂತರಜಾಲದಲ್ಲಿ ಸಿಗುತ್ತವೆ, ಬರಹ ತಂತ್ರಾಂಶದೊಳಗೂ ಆ ಸೌಲಭ್ಯ ಇದೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಸೂರ್ಯ, ಧರ್ಮ, ಕರ್ನಾಟಕ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರ ಮೊದಲು ಬರಬೇಕು. ಬದಲಾವಣೆ ಎಡವುವುದು ಹೆಚ್ಚಾಗಿ ಅಲ್ಲೇ.

ಮುದ್ರಿತ ಪುಸ್ತಕವೋ ಚಿತ್ರರೂಪದ ಪಿಡಿಎಫ್ಫೋ ಆಗಿದ್ದರೆ ಓಸಿಆರ್ ಮಾಡಬೇಕು. ಓಸಿಆರ್ ಎಂದರೆ ಫೋಟೋದಲ್ಲಿರುವ ಅಕ್ಷರವನ್ನು ಯಂತ್ರ ಗುರುತಿಸಿ ಟೈಪ್ ಆದ ಅಕ್ಷರವಾಗಿಸುವುದು. ನಾನು ಮಾಡುವ ಕ್ರಮ ಹೀಗೆ:

ಪುಟವನ್ನು ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ ಫೋಟೋ ಹೊಡೆಯಿರಿ. ಪುಸ್ತಕದ ನಡುವಿನ ಮಡಿಕೆಯ ಮೇಲೆ ಒಂದು ಉದ್ದ ಸ್ಕೇಲು ಇಟ್ಟು ಒತ್ತಿ ಹಿಡಿಯಲು ಒಬ್ಬ ಹುಡುಗನನ್ನು ಕೂರಿಸಿಕೊಳ್ಳಿ. ಇಲ್ಲದಿದ್ದರೆ ಮಡಿಕೆಯ ಬಳಿಯ ಅಕ್ಷರಗಳು ಬಾಗಿ ಕಾಗೆಕಾಲಾಗುತ್ತವೆ. ಫೋಟೋದ ಅಂಚು ಕತ್ತರಿಸಿ, ಗಾತ್ರ 2 ಎಂಬಿ ಮೀರದಂತೆ ನೋಡಿಕೊಳ್ಳಿ. ಗೂಗಲ್ ಡ್ರೈವ್‌ಗೆ ಏರಿಸಿ. ಕಂಪ್ಯೂಟರಿನ ಬ್ರೌಸರಿನಲ್ಲಿ ಡ್ರೈವ್ ತೆರೆದು, ಫೋಟೋದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಮೇಲೆ ಫೋಟೋ, ಕೆಳಗೆ ಅಕ್ಷರ ಬರುತ್ತದೆ. ಒಂದೆರಡು ಸಾಲಿನ ನೋಟಿಸಿಗೆ ಇಷ್ಟೆಲ್ಲ ಬೇಡ, ಫೋನಿನ ಗೂಗಲ್ ಲೆನ್ಸ್ ಸಾಕು.

ಹಳೆಯ ಫಾಂಟಿನ ಪಿಡಿಎಫ್ ಅನ್ನು ನೇರವಾಗಿ ಡಾಕ್ಸ್‌ಗೆ ಕೊಟ್ಟರೆ ಅದು ಒಳಗಿರುವ ಹಾಳು ಅಕ್ಷರಗಳನ್ನೇ ಎತ್ತಿಕೊಳ್ಳಬಹುದು. ಅಂಥ ಪಿಡಿಎಫ್‌ನ ಪುಟಗಳನ್ನು ಮೊದಲು ಚಿತ್ರವಾಗಿ ಉಳಿಸಿಕೊಂಡು ಆಮೇಲೆ ಏರಿಸಿ.

ಈಗ ತಿದ್ದುವ ಕೆಲಸ. ಇದನ್ನು ಬಿಟ್ಟವರ ಪಾಠ ಮಗುವಿಗೆ ಅರ್ಥವಾಗುವುದಿಲ್ಲ. ಒಮ್ಮೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಸಮಾಜದ ಪಾಠ ಕೇಳುತ್ತಾ, "ಸರ್, ಈ ಪಾಠದ ತುಂಬ ಯಾಕೆ ಇಷ್ಟೊಂದು ಸೊನ್ನೆ?" ಅಂದಳು. ನೋಡಿದರೆ ಅನುಸ್ವಾರ ಇರಬೇಕಾದಲ್ಲೆಲ್ಲ ಕನ್ನಡ ಅಂಕಿಯ ಸೊನ್ನೆ ಕೂತಿತ್ತು. ‘ಅಂದರೆ’ ಎಂಬುದು ‘ಅ ಸೊನ್ನೆ ದರೆ’ ಆಗಿತ್ತು. ಕಣ್ಣಿಗೆ ಎರಡೂ ಒಂದೇ ದುಂಡು, ಹಾಗಾಗಿ ತಿದ್ದಿದ ನನಗೇ ಕಂಡಿರಲಿಲ್ಲ. ಅಂದಿನಿಂದ ಕಡತವನ್ನು ಕಣ್ಣಿನಿಂದಲ್ಲ, ಕಿವಿಯಿಂದ ತಿದ್ದುತ್ತೇನೆ. ನೀವೂ ಫೋನಿಗೆ ಓದಲು ಹೇಳಿ, ಕಣ್ಣು ಮುಚ್ಚಿ ಕೇಳಿ.

ಸೊನ್ನೆಯನ್ನು ಒಟ್ಟಿಗೇ ಬದಲಿಸುವ ಅವಸರ ಬೇಡ, ನಿಜವಾದ ೧೦, ೨೦ ಕೂಡ ಕೆಟ್ಟುಹೋಗುತ್ತವೆ. ಇನ್ನು ಪ-ವ-ಷ, ದ-ಧ, ಬ-ಭ ಅದಲುಬದಲಾಗಿರುತ್ತವೆ. ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಮುರಿದ ಪದಗಳನ್ನು ಕೂಡಿಸಿ. ಪ್ರತಿ ಸಾಲಿನ ಕೊನೆಗೂ ಎಂಟರ್ ಬಿದ್ದಿದ್ದರೆ ಅಳಿಸಿ, ಇಲ್ಲದಿದ್ದರೆ ಯಂತ್ರ ಸಾಲಿಗೊಮ್ಮೆ ಉಸಿರೆಳೆದುಕೊಂಡು ಓದುತ್ತದೆ. ‘ಕಿ.ಮೀ.’, ‘ಕ್ರಿ.ಶ.’ ಎಂಬುವನ್ನು ಬಿಡಿಸಿ ಪೂರ್ತಿ ಬರೆಯಿರಿ.

ಪುಸ್ತಕ ನಕಲು ಮಾಡುವುದು ತಪ್ಪಲ್ಲವೇ ಎಂದು ಕೇಳುವವರಿದ್ದಾರೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಅಂಗವಿಕಲರ ಓದಿಗಾಗಿ ಇಂಥ ರೂಪಾಂತರಕ್ಕೆ ಅವಕಾಶ ಕೊಟ್ಟಿದೆ. ಆ ಕಡತವನ್ನು ಊರಿನ ಗುಂಪುಗಳಿಗೆಲ್ಲ ಹಂಚದೆ ಮಗುವಿನ ಮಟ್ಟಿಗೆ ಇಟ್ಟುಕೊಳ್ಳಿ, ಮಾರುವ ಮಾತಂತೂ ಬೇಡ.

5. ಕಡತಕ್ಕೆ ಮೆಟ್ಟಿಲು ಕಟ್ಟಿ

ಮೂವತ್ತು ಪುಟವನ್ನು ಒಂದೇ ಉಸಿರಿಗೆ ಕೇಳಿ ಯಾರೂ ಓದಲಾರರು. ಪಾಠದ ಹೆಸರಿಗೆ ಹೆಡಿಂಗ್ 1, ಉಪಶೀರ್ಷಿಕೆಗೆ ಹೆಡಿಂಗ್ 2 ಎಂಬ ಶೈಲಿ ಕೊಡಿ. ಬರೀ ದಪ್ಪ ಅಕ್ಷರ ಮಾಡಿದರೆ ಸ್ಕ್ರೀನ್ ರೀಡರಿಗೆ ಅದು ಶೀರ್ಷಿಕೆ ಎಂದು ತಿಳಿಯುವುದಿಲ್ಲ. ಪುಟ ಸಂಖ್ಯೆಯನ್ನೂ ಬರೆದಿಡಿ. ‘ಎಲ್ಲರೂ 42ನೇ ಪುಟ ತೆಗೀರಿ’ ಎಂದಾಗ ಈ ಮಗುವೂ ತೆಗೆಯಬೇಕಲ್ಲ.

ಚಿತ್ರಕ್ಕೆ ಎರಡು ಸಾಲು ವಿವರಣೆ ಬರೆಯಿರಿ. ‘ಚಿತ್ರ: ಹೂವಿನ ಭಾಗಗಳು’ ಎಂದರೆ ಏನೂ ಹೇಳಿದಂತಾಗಲಿಲ್ಲ. ದಾಸವಾಳವನ್ನೇ ಕೈಗೆ ಕೊಡಿ. ಭೂಪಟಕ್ಕೆ ತಂತ್ರಜ್ಞಾನ ಬೇಡವೇ ಬೇಡ: ದಪ್ಪ ರಟ್ಟಿನ ಮೇಲೆ ಫೆವಿಕಾಲ್ ಎಳೆದು ಗಡಿಗೆ ಸಾಸಿವೆ, ಕಾವೇರಿ ಕೃಷ್ಣೆಯರಿಗೆ ಉಲ್ಲನ್ ದಾರ, ಘಟ್ಟಕ್ಕೆ ಕಡಲೆಬೇಳೆ ಅಂಟಿಸಿ. ಒಣಗಲು ಒಂದು ರಾತ್ರಿ ಬಿಡಿ. ಜಿರಳೆ, ಇಲಿ ಬರುವ ಕೋಣೆಯಲ್ಲಿ ಮಾತ್ರ ಇಡಬೇಡಿ. ನನ್ನದೊಂದು ಪಶ್ಚಿಮ ಘಟ್ಟ ಹಾಗೇ ಹೋಯಿತು.

ಗಣಿತ ಕಷ್ಟದ ಜಾಗ, ಸುಳ್ಳು ಹೇಳುವುದಿಲ್ಲ. ಓಸಿಆರ್ ಭಿನ್ನರಾಶಿಯನ್ನು ಕಲಸಿಹಾಕುತ್ತದೆ. ಕೈಯಾರೆ ಟೈಪ್ ಮಾಡುವುದೇ ದಾರಿ. ಅದರಲ್ಲೂ ‘ಎಕ್ಸ್ ಪ್ಲಸ್ ವೈ ಬೈ 2’ ಎಂದು ಬರೆದರೆ ಭಾಗವಾಗುವುದು ವೈ ಮಾತ್ರವೋ ಎರಡೂ ಸೇರಿಯೋ ಎಂದು ಕೇಳುವವರಿಗೆ ಗೊತ್ತಾಗದು. ‘ಆವರಣ ಶುರು, ಎಕ್ಸ್ ಪ್ಲಸ್ ವೈ, ಆವರಣ ಮುಗಿಯಿತು, ಬೈ 2’ ಎಂದು ಬಿಡಿಸಿ. ಲೆಕ್ಕ ಮಾಡಲು ಟೇಲರ್ ಫ್ರೇಮ್, ಅಂದರೆ ಎಂಟು ಮೂಲೆಯ ತೂತುಗಳಿರುವ ಹಲಗೆ ಮತ್ತು ಮೊಳೆಗಳು, ಇಂದಿಗೂ ಫೋನಿಗಿಂತ ಮೇಲು.

6. ಕಂಪ್ಯೂಟರಿಗೆ ಎನ್‌ವಿಡಿಎ

ಎನ್‌ವಿಡಿಎ ವಿಂಡೋಸಿಗೆ ಉಚಿತವಾಗಿ ಸಿಗುವ ಸ್ಕ್ರೀನ್ ರೀಡರ್. 2006ರಲ್ಲಿ ಆಸ್ಟ್ರೇಲಿಯಾದ ಮೈಕೇಲ್ ಕರನ್ ಶುರು ಮಾಡಿದ್ದು, ಅವರಿಗೂ ಕಣ್ಣು ಕಾಣದು. ಇದರ ಜೊತೆಗೇ ಬರುವ ಇಸ್ಪೀಕ್ ಎಂಬ ದನಿಯಲ್ಲಿ ಕನ್ನಡವೂ ಇದೆ. ಡಬ್ಬಿಯೊಳಗಿಂದ ಮಾತಾಡಿದಂತೆ ಕೇಳಿಸುತ್ತದೆ, ನಿಜ. ಒಂದು ವಾರ ಸಹಿಸಿಕೊಳ್ಳಿ, ಕಿವಿ ಪಳಗುತ್ತದೆ. ಹಳೆಯ ಕಂಪ್ಯೂಟರಿನಲ್ಲೂ ತಡವರಿಸದೆ ಓಡುವುದು ಇದರ ಗುಣ.

ಶಾಲೆಯ ಲ್ಯಾಬಿನಲ್ಲಿ ಹೊಸ ತಂತ್ರಾಂಶ ಹಾಕಲು ಬಿಡದಿದ್ದರೆ ಪೆನ್‌ಡ್ರೈವಿನಲ್ಲೇ ನಡೆಯುವ ಪೋರ್ಟಬಲ್ ಪ್ರತಿ ಮಾಡಿಕೊಳ್ಳಬಹುದು. ಕಲಿಯಬೇಕಾದ ಕೀಲಿಗಳು ಮೊದಲಿಗೆ ಐದೇ ಐದು. ಕಂಟ್ರೋಲ್ ಒತ್ತಿದರೆ ಮಾತು ನಿಲ್ಲುತ್ತದೆ. ಇನ್ಸರ್ಟ್ ಜೊತೆ ಕೆಳಬಾಣ ಒತ್ತಿದರೆ ಅಲ್ಲಿಂದ ಪೂರ್ತಿ ಓದುತ್ತದೆ. ಇನ್ಸರ್ಟ್ ಜೊತೆ ಎನ್ ಒತ್ತಿದರೆ ಎನ್‌ವಿಡಿಎ ಮೆನು. ಇನ್ಸರ್ಟ್, ಕಂಟ್ರೋಲ್, ವಿ ಒಟ್ಟಿಗೆ ಒತ್ತಿದರೆ ದನಿಯ ಸೆಟ್ಟಿಂಗು, ಕನ್ನಡ ಆರಿಸುವುದು ಇಲ್ಲೇ. ಇನ್ಸರ್ಟ್ ಮತ್ತು 1 ಒತ್ತಿದರೆ ಕೀಲಿ ಪರಿಚಯದ ಸ್ಥಿತಿ: ಯಾವ ಕೀಲಿ ಒತ್ತಿದರೂ ಅದರ ಹೆಸರು ಹೇಳುತ್ತದೆ, ಕೆಲಸ ಮಾಡುವುದಿಲ್ಲ. ಮೊದಲ ಎರಡು ದಿನ ಮಗುವನ್ನು ಇದರಲ್ಲೇ ಬಿಟ್ಟುಬಿಡಿ. ಎಫ್ ಮತ್ತು ಜೆ ಕೀಲಿಗಳ ಮೇಲಿನ ಸಣ್ಣ ಉಬ್ಬನ್ನು ತೋರುಬೆರಳುಗಳಿಗೆ ಪರಿಚಯಿಸಿ.

ಕೇಳಿ ಕಲಿಯುವ ಮಗುವಿನ ಕಾಗುಣಿತ ಸೊರಗುತ್ತದೆ. ಶ ಮತ್ತು ಷ ಕಿವಿಗೆ ಒಂದೇ. ಮಹಾಪ್ರಾಣವನ್ನು ನಾವೇ ಸರಿಯಾಗಿ ಉಚ್ಚರಿಸುವುದಿಲ್ಲ, ಮಗುವಿಗೆ ಎಲ್ಲಿಂದ ಬರಬೇಕು? ಬಲಬಾಣದ ಕೀಲಿಯಿಂದ ಅಕ್ಷರ ಅಕ್ಷರವಾಗಿ ಓದಿಸುವ ಅಭ್ಯಾಸ ಮಾಡಿಸಿ. ಅದಕ್ಕಿಂತ ಮುಖ್ಯವಾಗಿ ಬ್ರೈಲ್ ಬಿಡಿಸಬೇಡಿ. ‘ಫೋನು ಬಂತಲ್ಲ, ಬ್ರೈಲ್ ಯಾಕೆ’ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಕಣ್ಣಿರುವ ಮಕ್ಕಳಿಗೆ ರೇಡಿಯೋ ಕೊಟ್ಟು, ಇನ್ನು ಓದು ಬರಹ ಬೇಡ ಅಂದೆವೇ?

7. ತರಗತಿಯಲ್ಲಿ

ಇಯರ್‌ಫೋನು ಒಂದೇ ಕಿವಿಗೆ. ಇನ್ನೊಂದು ಕಿವಿ ಮೇಷ್ಟ್ರಿಗೆ. ಬೋರ್ಡಿನ ಮೇಲೆ ಬರೆಯುವಾಗ ಬರೆಯುತ್ತಿರುವುದನ್ನು ಬಾಯಲ್ಲೂ ಹೇಳಿ. ‘ಇದನ್ನು ಅದಕ್ಕೆ ಕೂಡಿಸಿ’ ಎಂದು ಬೆರಳು ತೋರಿಸಿದರೆ ಈ ಮಗುವಿಗೆ ಏನೂ ದಕ್ಕುವುದಿಲ್ಲ. ಪಾಠದ ಕಡತ ಹಿಂದಿನ ದಿನವೇ ಫೋನಿಗೆ ಹೋಗಿರಲಿ. ಕಡತದ ಹೆಸರು ‘8 ವಿಜ್ಞಾನ ಪಾಠ 3’ ಎಂಬಂತೆ ಇರಲಿ. ‘ಹೊಸ ಡಾಕ್ಯುಮೆಂಟ್ ಕಾಪಿ 2’ ಎಂಬ ಹೆಸರಿನ ಹನ್ನೊಂದು ಕಡತಗಳ ನಡುವೆ ಮಗು ತಡಕಾಡುವುದನ್ನು ನೋಡಲಾಗದು.

8. ಪರೀಕ್ಷೆಯ ಸಿದ್ಧತೆ ಎಂಟನೇ ತರಗತಿಯಿಂದಲೇ

ಹತ್ತನೇ ತರಗತಿಯ ಪರೀಕ್ಷೆಗೆ ಲಿಪಿಕಾರ, ಅಂದರೆ ಮಗು ಹೇಳಿದ್ದನ್ನು ಬರೆಯುವವರು, ಮತ್ತು ಹೆಚ್ಚುವರಿ ಸಮಯ ಸಿಗುತ್ತದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಕೊಡಲು ಹೇಳಿತ್ತು, ಕಂಪ್ಯೂಟರಿನಲ್ಲಿ ಬರೆಯುವ ಆಯ್ಕೆಯನ್ನೂ ಹೇಳಿತ್ತು. ನಿಮ್ಮ ಮಗುವಿಗೆ ಏನು ಸಿಗುತ್ತದೆ ಎಂಬುದನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಆ ವರ್ಷದ ಸುತ್ತೋಲೆ ನೋಡಿಯೇ ನಿರ್ಧರಿಸಿ, ಯಾರೋ ಹೇಳಿದ್ದನ್ನು ನಂಬಿ ಕೂರಬೇಡಿ. ಅರ್ಜಿ ಹೋಗುವುದು ಮುಖ್ಯೋಪಾಧ್ಯಾಯರ ಮೂಲಕ. ನೋಂದಣಿಯ ಸಮಯದಲ್ಲೇ ವೈದ್ಯಕೀಯ ಪ್ರಮಾಣಪತ್ರದ ಪ್ರತಿ ಸೇರಿಸಿ.

ಪರೀಕ್ಷಾ ಕೊಠಡಿಯೊಳಗೆ ಫೋನು ಬಿಡುವುದಿಲ್ಲ. ಮೂರು ವರ್ಷ ಯಂತ್ರದ ಜೊತೆ ಕಲಿತ ಮಗು ಅಲ್ಲಿ ಅಪರಿಚಿತರೊಬ್ಬರ ಪಕ್ಕ ಕೂತು ಬಾಯಲ್ಲಿ ಉತ್ತರ ಹೇಳಬೇಕು. ಇದು ಬೇರೆಯೇ ವಿದ್ಯೆ. ಹಾಗಾಗಿ ಎಂಟನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಕೆಳಗಿನ ತರಗತಿಯ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ ಬರೆಸಿ, ಪ್ರತಿ ಸಲ ಬೇರೆಯವರನ್ನು. ‘ಪ್ರಶ್ನೆ ಇನ್ನೊಮ್ಮೆ ಓದು’, ‘ಬರೆದದ್ದನ್ನು ಓದಿ ಹೇಳು’, ‘ಇಲ್ಲಿ ಹೊಸ ಪ್ಯಾರಾ’, ‘ವಿಶೇಷದಲ್ಲಿ ಮೊದಲು ಶ, ಆಮೇಲೆ ಷ’ ಎಂದು ಅಂಜದೆ ಹೇಳುವುದನ್ನು ಮಗುವಿಗೆ ರೂಢಿ ಮಾಡಿಸಿ. ಬರೆದು ಮುಗಿದ ಮೇಲೆ ಉತ್ತರ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು, ಮಗು ಹೇಳಿದ್ದೇನು, ಹಾಳೆಯ ಮೇಲೆ ಇಳಿದದ್ದೇನು ಎಂದು ಇಬ್ಬರಿಗೂ ಓದಿ ಹೇಳಿ.